ಎಳೆಯ ಮಕ್ಕಳೂ ಬಂಧುಬಳಗವೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

ಈ ವೇದಿಕೆಯ ಮೇಲಿಂದ ಶಾಸ್ತ್ರಾರ್ಥವನ್ನು ವಿವರಿಸಬಲ್ಲ ವಿದ್ವಾಂಸರು ಅನೇಕರಿರುವರು. ನನ್ನಂಥ ಗೃಹಸ್ಥನು ಮನೆಯ ಮಾತನ್ನು ಆಡುವದೇ ಲೇಸು. ಅದರಲ್ಲಿಯೂ, ಮನೆಯ ಎಳೆಗೂಸನ್ನು ಯಾರು ಎತ್ತಿಕೊಳ್ಳತಕ್ಕವರು ಎಂಬ, ತೀರ ಸಣ್ಣದಾಗಿ ತೋರುವ ಪ್ರಶ್ನೆಯೇ ನನ್ನ ಇಂದಿನ ವಿಷಯವು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ನಮ್ಮ ಸೀಮೆಯಲ್ಲಿ ಕೂಸು ಹುಟ್ಟುವ ಮೊದಲೇ ಬಳಗಕ್ಕೆಲ್ಲ ಕೆಲಸದ ಹಂಚಿಕೆಯಾಗಿರುವದು. ಕುಬಸಕ್ಕೆ ತವರಿನವರು ಬರಬೇಕು. ಚೊಚ್ಚಲ ಬಾಣಂತನವು ತವರಿನಲ್ಲಿಯೇ ಆಗಬೇಕು. ಕೂಸಿಗೆ ಲಿಂಗಧಾರಣೆ ಮಾಡುವವರು ಅಯ್ಯನವರು. ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವವಳು ಅಜ್ಜಿ. ಜಾವಳ ತೆಗೆಯುವಾಗ ಕೂಸು ಕುಳಿತುಕೊಳ್ಳುವದು ಸೋದರಮಾವನ ತೊಡೆಯ ಮೇಲೆ. ಇವುಗಳನ್ನು ಬರಿಯ ಸಂಭ್ರಮವೆಂದು ತಿಳಿಯಲಾಗದು. ಹಿರಿಯರು ಇಲ್ಲಿ ಒಂದೊಂದು ಸಂಬಂಧಕ್ಕೂ ಕೂಸಿನ ಮೇಲೊಂದು ಹಕ್ಕನ್ನು ಕೊಟ್ಟಿರುವರು. ಹಕ್ಕನ್ನು ಕೊಟ್ಟಲ್ಲಿ ಹೊಣೆಯನ್ನೂ ಹೊರಿಸಿರಬೇಕಲ್ಲವೆ? ಹೋಳಿಗೆಯೂಟ ಮುಗಿದು ಉಡುಗೊರೆಯ ಬಟ್ಟೆಯನ್ನು ಮಡಚಿಟ್ಟ ಮೇಲೆ ಆ ಹೊಣೆಯು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿರುವದೆಂಬುದೇ ವಿಚಾರಿಸತಕ್ಕ ಮಾತು.

ಈ ಹೊಣೆಯನ್ನು ಪೂರ್ಣವಾಗಿ ಹೊತ್ತ ಸೋದರಮಾವನೊಬ್ಬನು ನಮ್ಮ ಸೀಮೆಯಲ್ಲಿಯೇ ಆಗಿಹೋಗಿರುವನು. ಈಗಿನ ಹಾವೇರಿ ಜಿಲ್ಲೆಗೆ ಸೇರಿದ ದೇವಗಿರಿಯಲ್ಲಿ 1914ರಲ್ಲಿ ಒಂದು ಗಂಡುಕೂಸು ಹುಟ್ಟಿತು. ಹಸುಳೆತನದಲ್ಲಿಯೇ ಅದರ ಕಣ್ಣುಗಳು ಹೋದವು. ಅದೇ ಎಳವೆಯಲ್ಲಿ ತಂದೆತಾಯಿಗಳೂ ತೀರಿಹೋದರು. ಕುರುಡು ಕೂಸು, ತಬ್ಬಲಿ ಕೂಸು! ಇಂಥ ಕೂಸನ್ನು ಕಂಡು ಮರುಗುವವರು ಊರ ತುಂಬ ಇರುತ್ತಾರೆ. ಮನೆಗೆ ಒಯ್ಯುವವರು ವಿರಳ. ತಾಯಿಯ ಅಣ್ಣತಮ್ಮಂದಿರಲ್ಲೊಬ್ಬರಾದ ಚಂದ್ರಶೇಖರಯ್ಯನವರು ಅದನ್ನು ತಮ್ಮ ಮನೆಗೆ ಕರೆತಂದು ಸಾಕಿದರು. ಅವರು ಹಾರ್ಮೋನಿಯಂ ಬಾರಿಸುತ್ತಿದ್ದರು. ಹುಡುಗನು ಅದರ ಮನೆಗಳ ಮೇಲೆ ಬೆರಳಾಡಿಸಿ ಸ್ವರಗಳನ್ನು ಹುಡುಕತೊಡಗಿದನು. ಪೆಟ್ಟಿಗೆ ಕೆಟ್ಟೀತೆಂದು ಗದರಿಸಿ ಏಳಿಸುವದು ಹಿರಿಯರಾದ ನಮಗೆಲ್ಲ ಸಹಜವಾದ ನಡತೆ. ಚಂದ್ರಶೇಖರಯ್ಯನವರು ಆ ಹುಡುಕಾಟದಲ್ಲಿ ಹುಡುಗನ ಒಲವನ್ನು ಗುರುತಿಸಿ, ಅವನನ್ನು ಕೈಹಿಡಿದು ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದುಕೊಂಡು ಹೋದರು. ಆ ಹುಡುಗನೇ ಮುಂದೆ ಪುಟ್ಟರಾಜ ಗವಾಯಿಗಳೆನಿಸಿ, 1944ರಲ್ಲಿ ಗುರುಗಳು ಲಿಂಗೈಕ್ಯರಾದ ತರುವಾಯ ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ ಎಷ್ಟೋ ಅಂಧ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಇತ್ತರು. ಪಂಚಾಕ್ಷರಿ ಗವಾಯಿಗಳು ಸಹ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡಮನೆಯ ಅಂಧ ಬಾಲಕರೇ; ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದವರು. ಗವಾಯಿಗಳ ಕೀರ್ತಿಯನ್ನು ನಾವೆಲ್ಲರೂ ಹಾಡುವೆವು. ಚಂದ್ರಶೇಖರಯ್ಯನವರ ಹೆಸರನ್ನು ಎತ್ತುವವರು ಕಡಿಮೆ.

ಹೀಗೆಂದಾಗ, ಹಿಂದಿನ ಅವಿಭಕ್ತ ಕುಟುಂಬವೇ ಸ್ವರ್ಗವಾಗಿತ್ತು, ಈಗಿನವರು ಬೇರೆಯಾಗಿ ಕೆಟ್ಟರು ಎಂದು ಹಲವರು ತಲೆದೂಗಬಹುದು. ನಾನು ಆ ಮಾತನ್ನು ಒಪ್ಪಲಾರೆನು. ಧಾರವಾಡದ ಸಮೀಪದ ಲೋಕೂರಿನಲ್ಲಿ ನೂರಕ್ಕೂ ಮಿಕ್ಕಿದ ಜನರಿದ್ದ ಒಂದು ಮನೆತನದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಎಲ್ಲರೂ ಬೆರಗಾದೆವು. ಅಷ್ಟು ಜನಕ್ಕೆ ನಿತ್ಯವೂ ರೊಟ್ಟಿ ಬಡಿಯುವ ಕೈಗಳನ್ನು ಎಣಿಸಲು ಹೋದವರು ಎಷ್ಟು ಮಂದಿ? ದೊಡ್ಡ ಮನೆಯಲ್ಲಿ ಹಿರಿಯ ಸೊಸೆಯ ಹೆಗಲ ಮೇಲೆಯೇ ಎಲ್ಲ ಮಕ್ಕಳ ಎಣ್ಣೆನೀರೂ ಬೀಳುತ್ತಿತ್ತು. ಬೆಣ್ಣೆಯ ಮುದ್ದೆಯು ಯಾರ ಮಗನ ರೊಟ್ಟಿಯ ಮೇಲೆ ದೊಡ್ಡದಾಗಿ ಬಿತ್ತೆಂಬುದರಿಂದ ನೆಗೆಣ್ಣಿಯರಲ್ಲಿ ತಿಂಗಳುಗಟ್ಟಲೆ ಮಾತು ನಿಂತದ್ದುಂಟು. ಇನ್ನೊಂದು ವಿಚಿತ್ರವನ್ನು ಇಲ್ಲಿರುವ ವೃದ್ಧರು ಬಲ್ಲರು: ಅನೇಕ ಮನೆಗಳಲ್ಲಿ ಗಂಡಸು ತನ್ನ ತಂದೆಯ ಎದುರಿಗೆ ತನ್ನ ಸ್ವಂತ ಕೂಸನ್ನು ಎತ್ತಿಕೊಳ್ಳುವದು ನಾಚಿಕೆಗೇಡೆನಿಸುತ್ತಿತ್ತು. ಅಣ್ಣನ ಮಗನನ್ನಾಗಲಿ ತಂಗಿಯ ಮಗಳನ್ನಾಗಲಿ ಹೆಗಲಮೇಲೆ ಕೂಡ್ರಿಸಿಕೊಂಡು ಪೇಟೆಗೆ ಹೋಗಬಹುದು, ತನ್ನದನ್ನು ಮಾತ್ರ ಮುಟ್ಟಬಾರದು! ಆದುದರಿಂದ ಕಾಕಾನ ಹೆಗಲು, ಮಾವನ ತೊಡೆಗಳು ಕೂಸಿಗೆ ಅಲಂಕಾರವಾಗಿರಲಿಲ್ಲ, ಅವಶ್ಯಕವೇ ಆಗಿದ್ದವು. ಆ ನಾಚಿಕೆಯು ಈಗ ಬಹುಮಟ್ಟಿಗೆ ಅಳಿದಿರುವದು; ಅಳಿದದ್ದು ಒಳ್ಳೆಯದೇ ಆಯಿತು. ಅದರ ಬೆನ್ನಿಗೇ ಮಾವಂದಿರೂ ಕಾಕಾಗಳೂ ಕೈ ಹಿಂದೆಗೆದದ್ದು ಮಾತ್ರ ಒಳ್ಳೆಯದಾಗಲಿಲ್ಲ.

ಇಂದಿನ ಸ್ಥಿತಿಯನ್ನು ನೋಡಿರಿ. ಹೊಲಗಳು ಪಾಲಾಗಿ ತುಂಡಾಗಿವೆ. ಗಂಡಂದಿರು ದುಡಿಮೆಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿರುತ್ತಾರೆ. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಬರುವ ಸುಗ್ಗಿಯಲ್ಲಿ ಸುತ್ತಲಿನ ಹೆಣ್ಣುಮಕ್ಕಳು ತೊಟ್ಟು ಬಿಡಿಸುವ ಕೂಲಿಗೆ ಹೋಗುವರು. ಆ ಘಾಟಿನಲ್ಲಿ ಹಸುಗೂಸನ್ನು ಮಲಗಿಸುವದು ಹೇಗೆ? ಮೆಣಸಿನಕಾಯಿ ಮುಟ್ಟಿದ ಕೈಯಿಂದ ಅದರ ಕಣ್ಣೊರೆಸುವದು ಹೇಗೆ? ಮನೆಯಲ್ಲಿ ಅತ್ತೆ ಇದ್ದರೆ ಆ ತಾಯಿಗೆ ಕೂಲಿಯುಂಟು, ಇಲ್ಲದಿದ್ದರೆ ಇಲ್ಲ. 1975ರಲ್ಲಿ ದೇಶದಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಗಳು ಬಂದು ಮಹದುಪಕಾರವಾಗಿರುವದು ನಿಜ. ಆದರೆ ಮೊಲೆಯುಣ್ಣುವ ಕೂಸಿಗೆ ಬೇಕಾದದ್ದು ತನ್ನ ಗುರುತಿನವರ ಮಡಿಲು.

ಇಲ್ಲಿ ಆಸ್ತಿಯ ಮಾತನ್ನು ಮರೆಮಾಚಬಾರದು. 2005ರ ತಿದ್ದುಪಡಿಯ ಮೇರೆಗೆ ಹಿಂದೂ ಉತ್ತರಾಧಿಕಾರದ ಕಾಯಿದೆಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲನ್ನು ಕೊಟ್ಟಿರುವದು. ಇದು ನ್ಯಾಯವಾದದ್ದು. ತಂಗಿಯು ಪಾಲನ್ನು ಕೇಳಿದಳೆಂದು ಅವಳ ಮಕ್ಕಳಿಗೆ ಬಾಗಿಲು ಮುಚ್ಚಿಕೊಳ್ಳುವ ಅಣ್ಣಂದಿರನ್ನು ನಾವು ಕಾಣುತ್ತಿರುವೆವು. ಅಳಿಯಂದಿರು ತೀರಿಕೊಂಡ ಮನೆಯಲ್ಲಿ, ಕರ್ಮಗಳು ಮುಗಿಯುವ ಮೊದಲೇ ಪಡಸಾಲೆಯಲ್ಲಿ ಕುಳಿತ ಬಂಧುಗಳು ಎಕರೆಗಳ ಲೆಕ್ಕಕ್ಕೆ ತೊಡಗುವದೂ ಉಂಟು. ಒಳಗೆ ಮೂರು ವರ್ಷದ ಮಗುವೊಂದು, ಅಪ್ಪ ಯಾವಾಗ ಬರುವನೆಂದು ಕೇಳುತ್ತಿರುತ್ತದೆ. ಅದಕ್ಕೆ ಉತ್ತರ ಹೇಳಲು ಹೊರಗಿನಿಂದ ಒಬ್ಬರೂ ಎದ್ದು ಹೋಗುವದಿಲ್ಲ. 2020-21ರ ಕೊರೋನಾ ಪಿಡುಗಿನಲ್ಲಿ ಇಂಥ ಮನೆಗಳು ಒಂದೆರಡಲ್ಲ. ತಂದೆತಾಯಿಗಳಿಬ್ಬರನ್ನೂ ಕಳಕೊಂಡ ಮಕ್ಕಳ ಪಾಲಕರಿಗೆ ತಿಂಗಳಿಗೆ 3,500 ರೂಪಾಯಿಗಳ ನೆರವನ್ನು ರಾಜ್ಯ ಸರಕಾರವು 2021ರಲ್ಲಿ ಬಾಲಸೇವಾ ಯೋಜನೆಯಿಂದ ಘೋಷಿಸಿತು. ಹಣವು ಪಾಲಕನಿಗೆ ಬರುವದು; ಪಾಲಕನಾಗಲು ಒಬ್ಬ ಚಂದ್ರಶೇಖರಯ್ಯನು ಮೊದಲು ಬೇಕು.

ಸಲಹೆ ಕೊಡುವ ಬಂಧುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕೂಸು ಸೊರಗಿದೆ, ಇನ್ನೂ ಮಾತು ಬಂದಿಲ್ಲ, ದೃಷ್ಟಿ ತೆಗೆಯಿರಿ, ಬಜೆ ತೇಯ್ದು ಹಾಕಿರಿ—ಹೀಗೆ ಹೇಳಿ ಚಹಾ ಕುಡಿದು ಏಳುವವರೇ ಬಹಳ. ರಾತ್ರಿಯೆಲ್ಲ ಎಚ್ಚರಿದ್ದ ಬಾಣಂತಿಗೆ ಆ ಚಹಾ ಕಾಸುವದೇ ಇನ್ನೊಂದು ಕೆಲಸ. ಜಾತ್ರೆಗೆಂದು ಬಂದು ನಾಲ್ಕು ದಿನ ಇಳಿದುಕೊಳ್ಳುವ ನೆಂಟರು ದಿನಕ್ಕೆ ಒಂದು ತಾಸು ಕೂಸನ್ನು ಹೊರಗೊಯ್ದು ಬೇವಿನ ಗಿಡದ ನೆಳಲಲ್ಲಿ ಆಡಿಸಿದರೆ, ಆ ಮನೆಯ ಸೊಸೆಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೊಂದಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ದಾಸೋಹದ ಪಂಕ್ತಿ ಕೂಡ್ರುವದು. ಗಂಡಸರಾದ ನಾವು ಮೊದಲ ಪಂಕ್ತಿಗೆ ನುಗ್ಗುವದು ರೂಢಿ. ಸಭೆಯ ಹಿಂದುಗಡೆ, ಅಳುವ ಕೂಸುಗಳನ್ನು ಸಂತೈಸುತ್ತ ಬಾಗಿಲ ಬಳಿ ಎದ್ದು ನಿಂತೇ ಇಷ್ಟು ಹೊತ್ತು ಕೇಳಿದ ತಾಯಂದಿರು ಅನೇಕರಿರುವರು. ಇಂದು ಆ ತಾಯಂದಿರು ಮೊದಲು ಉಣ್ಣಲಿ. ಅವರ ಕೈಯೊಳಗಿನ ಕೂಸುಗಳನ್ನು ಅವರವರ ಅಣ್ಣತಮ್ಮಂದಿರು, ಮೈದುನರು, ಗಂಡಂದಿರು ಇಸಿದುಕೊಳ್ಳಲಿ. ಸನ್ನಿಧಿಯವರ ಅಪ್ಪಣೆಯನ್ನು ನಾನು ಮುಂಚಿತವಾಗಿಯೇ ಪಡೆದಿರುವೆನು, ಬಡಿಸುವವರಿಗೂ ಹೇಳಿಯಾಗಿದೆ.