ಬರೆಯಲು ಬರುತ್ತದೆ, ಓದಲು ಬರುವುದಿಲ್ಲ!

(ಪ್ರಾಥಮಿಕ ಶಾಲಾ ಶಿಕ್ಷಕರು, ಪೋಷಕರು ಮತ್ತು ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಶಿಕ್ಷಣ ತಜ್ಞನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ನಿಮ್ಮ ಹೋರಾಟದ ಪೋಸ್ಟರು, ಇಷ್ಟೇ ನನ್ನ ವಿದ್ಯೆ. ಆದರೆ ಹುಟ್ಟಿದಾಗಿನಿಂದ ಅಕ್ಷರದ ಜೊತೆಗೇ ಬದುಕಿದವನು. ಆ ಧೈರ್ಯದ ಮೇಲೆ ಇಲ್ಲಿ ನಿಂತಿದ್ದೇನೆ. ತಪ್ಪಾಡಿದರೆ ಮೇಷ್ಟ್ರುಗಳು ಕಿವಿ ಹಿಂಡಬಹುದು.

ಮೂರು ವರ್ಷದ ಹಿಂದಿನ ಮಾತು. ಒಬ್ಬ ಹುಡುಗ ಕೆಲಸ ಕೇಳಿಕೊಂಡು ಬಂದ. ನಮ್ಮ ಪಕ್ಕದ ಊರಿನವನೇ. ಎಸ್ಸೆಸ್ಸೆಲ್ಸಿ ಪಾಸು. ಓದಿದ್ದೆಲ್ಲ ಕನ್ನಡ ಮಾಧ್ಯಮ. ಹೆಸರು, ವಿಳಾಸ ಬರಿ ಅಂದೆ. ಬರೆದ. ಮುತ್ತು ಪೋಣಿಸಿದ ಹಾಗೆ ಇತ್ತು ಅಕ್ಷರ. ನನಗೆ ಖುಷಿಯಾಯಿತು. ಅವತ್ತೇ ಕೆಲಸಕ್ಕೆ ಸೇರಿಸಿಕೊಂಡೆ.

ಮಾರನೇ ದಿನ ಒಂದು ದೇವಸ್ಥಾನದ ಕರಪತ್ರದ ಪ್ರೂಫ್ ಕೊಟ್ಟು ಗಟ್ಟಿಯಾಗಿ ಓದು, ನಾನು ಮೂಲ ಪ್ರತಿ ನೋಡಿಕೊಳ್ಳುತ್ತೇನೆ ಅಂದೆ. ‘ವಿಗ್ರಹ ಪ್ರತಿಷ್ಠಾಪನೆ’ ಅಂತ ಇತ್ತು. ಹುಡುಗ ‘ವಿಗ್ರಹ ಪ್ರತಿಭಟನೆ’ ಅಂದ. ಗಿರಾಕಿಗಳು ಅಲ್ಲೇ ಕೂತಿದ್ದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ನೀವೂ ನಗುತ್ತಿದ್ದೀರಿ. ನಾನು ಅವತ್ತು ನಗಲಿಲ್ಲ, ಬೈದೆ. ಎಲ್ಲರ ಎದುರಿಗೆ, “ಹತ್ತು ವರ್ಷ ಸ್ಕೂಲಲ್ಲಿ ಏನು ಮಣ್ಣು ಹೊತ್ತೆಯೇನೋ?” ಅಂದೆ. ಹುಡುಗ ತಲೆ ತಗ್ಗಿಸಿ ನಿಂತ. ಮಾರನೇ ದಿನ ಬರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಬಂಧುಗಳೇ. ಮೂರನೇ ದಿನ ಅವನ ಮನೆಗೆ ಹೋದೆ. ಅವನ ತಾಯಿ, “ಏನು ತಪ್ಪು ಮಾಡವ್ನೆ ಸ್ವಾಮಿ?” ಅಂತ ಗಾಬರಿಯಾದರು. ಹುಡುಗ ಹೊರಗೆ ಬಂದು ಒಂದು ಮಾತು ಹೇಳಿದ: “ಅಣ್ಣಾ, ಬೋರ್ಡ್ ಮೇಲೆ ಇದ್ದದ್ದನ್ನ ನೋಡ್ಕೊಂಡು ಬರಕೊಳ್ತಿದ್ದೆ. ಏನೈತೆ ಅಂತ ಓದ್ತಿರಲಿಲ್ಲ. ಯಾರೂ ಕೇಳಲಿಲ್ಲ.”

ಯಾರೂ ಕೇಳಲಿಲ್ಲ! ಹತ್ತು ವರ್ಷ ಒಂದು ಮಗು ಶಾಲೆಯ ಬೆಂಚಿನ ಮೇಲೆ ಕೂತಿದೆ, ನೋಟ್ಸು ತುಂಬಿಸಿದೆ, ಅಂದವಾದ ಅಕ್ಷರಕ್ಕೆ ‘ಉತ್ತಮ’ ಅಂತ ಕೆಂಪು ಶಾಯಿಯಲ್ಲಿ ಬರೆಸಿಕೊಂಡಿದೆ. ಅದು ಓದುತ್ತಿದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅವನು ಅಕ್ಷರ ಬರೆಯುತ್ತಿರಲಿಲ್ಲ, ರಂಗೋಲಿಯ ಚುಕ್ಕಿ ಸೇರಿಸುವ ಹಾಗೆ ಚಿತ್ರ ಬಿಡಿಸುತ್ತಿದ್ದ. ಓದು ಅಂದರೆ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದ್ದ.

ಸೀಸದ ಮೊಳೆ ಕಲಿಸಿದ ಪಾಠ

ಅವನನ್ನು ವಾಪಸ್ ಕರೆದುಕೊಂಡು ಬಂದೆ. ಕಲಿಸುವುದು ಹೇಗೆ? ನನಗೆ ಗೊತ್ತಿದ್ದದ್ದು ಒಂದೇ ದಾರಿ. ನಾನು ಕಲಿತದ್ದು ಅಪ್ಪನ ಪ್ರೆಸ್ಸಿನಲ್ಲಿ. ಆಗ ಮೊಳೆ ಜೋಡಿಸುವ ಕಾಲ. ಮರದ ಕೇಸಿನಲ್ಲಿ ನೂರಾರು ಮನೆ, ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆ. ಅಕ್ಷರ ಬೇರೆ, ಒತ್ತು ಬೇರೆ. ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಅವುಗಳ ಮನೆಗೆ ಹಾಕುವುದು ಬೇಸಿಗೆ ರಜೆಯಲ್ಲಿ ನನ್ನ ಕೆಲಸ. ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿ ಇರುತ್ತದೆ. ಕಣ್ಣು ಮುಚ್ಚಿ ಊಹೆ ಮಾಡಿದರೆ ‘ಬ’ ಮನೆಗೆ ‘ಭ’ ಬೀಳುತ್ತದೆ, ಮಾರನೇ ದಿನ ‘ಬಾಳು’ ‘ಭಾಳು’ ಆಗುತ್ತದೆ. ಅಪ್ಪ ಹೊಸಬರಿಗೆ ಒಂದೇ ದಿನ ಬ, ಭ ಎರಡನ್ನೂ ಕೊಡುತ್ತಿರಲಿಲ್ಲ. “ಒಂದು ಗಟ್ಟಿಯಾಗಲಿ, ಆಮೇಲೆ ಅದರ ಅಣ್ಣನನ್ನು ಕೊಡು” ಅನ್ನುತ್ತಿದ್ದರು.

ಅಟ್ಟದ ಮೇಲಿದ್ದ ಆ ಹಳೆಯ ಮೊಳೆಗಳನ್ನು ಇಳಿಸಿದೆ. ಸಂಜೆ ಏಳರಿಂದ ಎಂಟು. ನಾನು ಒಂದು ಪದ ಹೇಳುವುದು, ಅವನು ಆ ಸದ್ದನ್ನು ಬಿಡಿಸಿ, ಒಂದೊಂದೇ ಮೊಳೆ ಹುಡುಕಿ ಜೋಡಿಸುವುದು. ನೋಡಿ ಬರೆಯಲು ಎದುರಿಗೆ ಏನೂ ಇಲ್ಲ. ಕಿವಿಯಿಂದ ಕೈಗೆ, ಕೈಯಿಂದ ಕಣ್ಣಿಗೆ. ನಾಲ್ಕು ತಿಂಗಳಾಯಿತು. ಈಗ ಅವನೇ ಪ್ರೂಫ್ ನೋಡುತ್ತಾನೆ. ನಿಧಾನ, ಆದರೆ ಊಹೆ ಮಾಡುವುದಿಲ್ಲ. ಹದಿನೇಳನೇ ವಯಸ್ಸಿನಲ್ಲಿ ನಾಲ್ಕು ತಿಂಗಳಲ್ಲಿ ಆದದ್ದು ಏಳನೇ ವಯಸ್ಸಿನಲ್ಲಿ ಏಕೆ ಆಗಲಿಲ್ಲ? ಇದೇ ಇವತ್ತಿನ ನನ್ನ ಪ್ರಶ್ನೆ.

ಕನ್ನಡ ಸುಲಭವೂ ಹೌದು, ಕಷ್ಟವೂ ಹೌದು

ನಾವೆಲ್ಲ ಅಭಿಮಾನದಿಂದ ಹೇಳುತ್ತೇವೆ: ಕನ್ನಡ ಹೇಳಿದಂತೆ ಬರೆಯುವ, ಬರೆದಂತೆ ಓದುವ ಭಾಷೆ. ಬಹುಪಾಲು ನಿಜ. ಆದರೆ ಮಗುವಿನ ಕಡೆಯಿಂದ ಲೆಕ್ಕ ಹಾಕಿ. ಇಂಗ್ಲಿಷಿಗೆ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿ 52. ಕನ್ನಡಕ್ಕೆ 49 ಅಕ್ಷರ ಅನ್ನುತ್ತೇವೆ. ಅದರಲ್ಲಿ ವ್ಯಂಜನ 34. ಒಂದೊಂದಕ್ಕೂ ಕಾಗುಣಿತ ಹದಿನೈದು. 34 ಹದಿನೈದಲ ಎಷ್ಟು? 510! ಅದರ ಮೇಲೆ ಒತ್ತಕ್ಷರ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ‘ಸೂರ್ಯ’ದಲ್ಲಿ ಬಾಯಿ ಮೊದಲು ‘ರ’ ಅನ್ನುತ್ತದೆ, ಕೈ ಅದನ್ನು ಕೊನೆಗೆ ಬರೆಯುತ್ತದೆ. ಆರು ವರ್ಷದ ಮಗುವಿಗೆ ಇದು ಒಗಟಲ್ಲವೇ?

ಕನ್ನಡ ಮಕ್ಕಳು ಓದು ಕಲಿಯುವ ವೇಗದ ಮೇಲೆ ಸೊನಾಲಿ ನಾಗ್ ಎಂಬ ಸಂಶೋಧಕಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ನಮ್ಮ ಅಕ್ಷರಗಳು ಪೂರ್ತಿ ಕೈವಶವಾಗಲು ಒಂದು ವರ್ಷ ಸಾಲದು, ನಾಲ್ಕನೇ ತರಗತಿಯವರೆಗೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ ಎಂಬುದು ಅದರ ಸಾರ. ಹಾಗಾದರೆ ಒಂದನೇ ತರಗತಿಯಲ್ಲಿ ವರ್ಣಮಾಲೆ ಮುಗಿಸಿದೆವು, ಇನ್ನು ಪಾಠ ಶುರು ಅನ್ನುವುದು ತಪ್ಪು. ಎರಡು, ಮೂರು, ನಾಲ್ಕನೇ ತರಗತಿಯಲ್ಲೂ ಓದಿಸುವ ಕೆಲಸ ನಡೆಯಲೇಬೇಕು.

ರ ಗ ಸ ದ ಅ ಯಾಕೆ?

ತಂದೆತಾಯಿಗಳು ಮೇಡಂ ಹತ್ತಿರ ಜಗಳಕ್ಕೆ ಹೋಗುತ್ತೀರಿ: “ಅ ಆ ಇ ಈ ಬಿಟ್ಟು ಇದೇನು ರ ಗ ಸ ದ ಅ?” ಇದರಲ್ಲಿ ಯುಕ್ತಿ ಇದೆ. ಅ ದಿಂದ ಅಃ ವರೆಗೆ ಹದಿನೈದು ಕಲಿತ ಮಗು ಒಂದು ಪದ ಓದಲಾರದು. ರ ಗ ಸ ದ ಅ, ಐದೇ ಐದು ಕಲಿತ ಮಗು ಅರಸ, ಅಗಸ, ಸರ, ರಸ, ದರ, ಗರಗಸ ಎಲ್ಲ ಓದುತ್ತದೆ. ಬೆರಳಿಗೂ ಸುಲಭ, ದುಂಡಗಿನ ಒಂದು ತಿರುವು ಕಲಿತರೆ ಮುಂದಿನ ಅಕ್ಷರಕ್ಕೆ ದಾರಿ. ಮೊದಲ ವಾರದಲ್ಲೇ ‘ನಾನು ಓದಿದೆ’ ಅನ್ನುವ ಹೆಮ್ಮೆ ಮಗುವಿಗೆ ಸಿಗುತ್ತದೆ. ವರ್ಣಮಾಲೆಯ ಕ್ರಮ ಬಾಯಿ, ಗಂಟಲು, ನಾಲಿಗೆಯ ಶಾಸ್ತ್ರ. ಅದು ಬೇಕು, ನಿಘಂಟು ನೋಡಲೂ ಬೇಕು. ಆದರೆ ಅದು ಆಮೇಲಿನ ಮಾತು.

1995ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದ ನಮ್ಮ ಮೇಷ್ಟ್ರುಗಳೇ ಕಟ್ಟಿದ್ದು ಅದು. 2009-10ರಲ್ಲಿ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಕಾರ್ಡು, ಕಲಿಕಾ ಏಣಿ, ಮಕ್ಕಳ ಗುಂಪು. ಅದರ ದೊಡ್ಡ ಗುಣ ಎಂದರೆ, ಜ್ವರ ಬಂದೋ ಸುಗ್ಗಿಗೆ ಹೋಗಿಯೋ ಹತ್ತು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಕಡೆಯಿಂದಲೇ ಮುಂದುವರಿಯಬಹುದು. ಆದರೆ ಮೂರು ತರಗತಿ ಒಂದೇ ಕೋಣೆಯಲ್ಲಿ, ಒಬ್ಬರೇ ಶಿಕ್ಷಕಿ, ಅವರಿಗೂ ಸಾವಿರ ಲೆಕ್ಕಪತ್ರ. ಆಗ ಮಗುವಿನ ಕೈಗೆ ಕಾರ್ಡ್ ಇರುತ್ತದೆ, ಕೇಳುವ ಕಿವಿ ಇರುವುದಿಲ್ಲ. ನಮ್ಮ ಹುಡುಗನ ಕತೆ ಅಲ್ಲೂ ನಡೆಯಬಹುದು.

ಒಬ್ಬ ಮೇಡಂ ಮಾಡಿದ್ದು

ಹತ್ತಿರದ ಹಳ್ಳಿಯ ಒಂದು ಶಾಲೆಗೆ ಕಾರ್ಡು ಅಚ್ಚು ಮಾಡಿಕೊಡಲು ಹೋಗಿದ್ದೆ. ಅಲ್ಲಿನ ಮೇಡಂ ಮಕ್ಕಳನ್ನು ಮೊದಲು ಮಾತಾಡಿಸಿದರು. ಒಬ್ಬ, “ನಮ್ಮ ಎಮ್ಮೆ ಕರ ಹಾಕ್ತು” ಅಂದ. ಮೇಡಂ ಅದನ್ನೇ, ಅವನ ಮಾತಿನಲ್ಲೇ, ಬೋರ್ಡಿನ ಮೇಲೆ ಬರೆದು ಕೋಲು ಇಟ್ಟು ಓದಿದರು. ತನ್ನ ಬಾಯಿಂದ ಬಂದದ್ದು ಗೋಡೆಯ ಮೇಲೆ ಕೂತದ್ದನ್ನು ಕಂಡು ಆ ಹುಡುಗನ ಮುಖ ನೋಡಬೇಕಿತ್ತು! “ಇದರಲ್ಲಿ ಕರ ಎಲ್ಲಿದೆ?” ಅಂದರು. ಐದು ಜನ ಓಡಿಬಂದು ತೋರಿಸಿದರು. ಆಮೇಲೆ ಬೋರ್ಡ್ ಒರೆಸಿ, “ಈಗ ನೋಡದೆ ಬರೀರಿ” ಅಂದರು. ಒಂದು ಮಗು ‘ಹಾಲು’ ಅನ್ನುವುದನ್ನು ‘ಆಲು’ ಅಂತ ಬರೆಯಿತು. ನಮ್ಮ ಕಡೆ ಮನೆಯಲ್ಲಿ ಹಾಗೇ ಅನ್ನುವುದು. ಮೇಡಂ ಗದರಲಿಲ್ಲ. “ನೀನು ಕೇಳಿಸಿಕೊಂಡದ್ದನ್ನು ಸರಿಯಾಗಿ ಬರೆದಿದ್ದೀಯ ಕಂದ, ಪುಸ್ತಕದಲ್ಲಿ ಹೀಗೆ ಬರೀತಾರೆ” ಅಂದರು. ಕೊನೆಗೆ ಹತ್ತು ನಿಮಿಷ ಒಂದು ಕತೆ ಓದಿ ಹೇಳಿದರು. ದಿನಾ ಹೇಳುತ್ತಾರಂತೆ.

ಇಷ್ಟೇ. ದುಡ್ಡು ಎಷ್ಟು ಖರ್ಚಾಯಿತು? ಒಂದು ಸೀಮೆಸುಣ್ಣ.

ಇನ್ನೊಂದು ಮಾತು ನಮ್ಮ ಕಾರ್ಯಕರ್ತರಿಗೆ. ಕರ್ನಾಟಕದಲ್ಲಿ ತುಳು, ಕೊಡವ, ಕೊಂಕಣಿ, ಬ್ಯಾರಿ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತಾಡುವ ಮನೆಯಿಂದ ಕನ್ನಡ ಶಾಲೆಗೆ ಬರುವ ಮಕ್ಕಳು ಎಷ್ಟೋ ಇದ್ದಾರೆ. ತಾಂಡಾದ ಮಗುವಿಗೆ ‘ಗರಗಸ’ ಓದಲು ಬಂದರೂ ಗರಗಸ ಎಂದರೇನು ಗೊತ್ತಿಲ್ಲದಿದ್ದರೆ ಅದು ಓದಲ್ಲ, ಬರೀ ಸದ್ದು. ಆ ಮಗುವಿಗೆ ಮೊದಲು ಕನ್ನಡ ಮಾತು, ಆಟ, ಹಾಡು; ಆಮೇಲೆ ಅಕ್ಷರ. ಅದರ ಮನೆಮಾತನ್ನು ಹೀಯಾಳಿಸಿ ಕನ್ನಡ ಕಲಿಸಿದರೆ ಆ ಮಗು ಕನ್ನಡವನ್ನು ಪ್ರೀತಿಸುತ್ತದೆಯೇ?

ಬೋರ್ಡು ಬಂತು, ಓದುವವರು?

2024ರಲ್ಲಿ ಕಾನೂನು ತಿದ್ದುಪಡಿಯಾಗಿ ಅಂಗಡಿ ಬೋರ್ಡಿನಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕು ಎಂದಾಯಿತು. ಅದಕ್ಕಾಗಿ ನೀವು ಬೀದಿಗಿಳಿದಿರಿ, ಲಾಠಿ ಏಟು ತಿಂದಿರಿ. ನಾನೂ ಕರಪತ್ರ ಅಚ್ಚು ಹಾಕಿಕೊಟ್ಟೆ. ಸಂತೋಷ. ಆದರೆ ಆ ಬೋರ್ಡಿನ ಕೆಳಗೆ ನಿಂತ ನಮ್ಮದೇ ಮಗು ಅದನ್ನು ಊಹೆ ಮಾಡಿ ಓದುವುದಾದರೆ ಆ 60 ಭಾಗ ಯಾರಿಗೆ?

2014ರ ಮೇ 6ರಂದು ಸುಪ್ರೀಂ ಕೋರ್ಟು, ಪ್ರಾಥಮಿಕ ಶಾಲೆಯ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರುವಂತಿಲ್ಲ, ಆಯ್ಕೆ ತಂದೆತಾಯಿಗಳದು ಎಂದಿತು. ಹಾಗಾದ ಮೇಲೆ ಕನ್ನಡ ಶಾಲೆಗೆ ಮಕ್ಕಳನ್ನು ತರುವ ದಾರಿ ಒಂದೇ: ಅಲ್ಲಿ ಮಗು ಓದುವುದನ್ನು ತಾಯಿ ಕಣ್ಣಾರೆ ಕಾಣಬೇಕು. ಇದನ್ನು ಹೇಳುವಾಗ ನನಗೇ ನಾಚಿಕೆ. ನನ್ನ ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದವನು ನಾನೇ. ಯಾಕೆ? ಕನ್ನಡ ಶಾಲೆಯಲ್ಲಿ ಏನೂ ಕಲಿಸುವುದಿಲ್ಲ ಎಂಬ ಮಾತು ನಂಬಿ. ಹೋಗಿ ನೋಡಿರಲಿಲ್ಲ. ಆ ಮೇಡಂ ತರಗತಿಯನ್ನು ಆಗಲೇ ನೋಡಿದ್ದರೆ ಬಹುಶಃ ಹಾಗೆ ಮಾಡುತ್ತಿರಲಿಲ್ಲ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಪುಣ್ ಭಾರತ್ ಎಂಬ ಯೋಜನೆ ತಂದಿತು. 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಎಂಬುದು ಗುರಿ. ಗುರಿ ಬರೆದವರು ದೆಹಲಿಯವರು. ಕೇಳಬೇಕಾದವರು ನಾವು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನವೆಂಬರ್ ತಿಂಗಳಲ್ಲಿ ಬಾವುಟ ಹಾರಿಸಲು ಶಾಲೆಗೆ ಹೋಗುತ್ತೀರಲ್ಲ, ಭಾಷಣ ಮುಗಿಸಿ ಬಂದುಬಿಡಬೇಡಿ. ಮೂರನೇ ತರಗತಿಯ ಮಗುವಿನ ಪಕ್ಕ ನೆಲದ ಮೇಲೆ ಕೂತು, ಅದು ಹಿಂದೆ ನೋಡಿಲ್ಲದ ಐದು ಸಾಲು ಓದಿಸಿ. ಪಾಠದ ಪುಸ್ತಕವಾದರೆ ಕೊನೆಯ ಸಾಲಿನಿಂದ ಓದಿಸಿ, ಬಾಯಿಪಾಠವೋ ಓದೋ ಗೊತ್ತಾಗುತ್ತದೆ. ಬರದಿದ್ದರೆ ಮೇಷ್ಟ್ರ ಮೇಲೆ ಹಾರಾಡಬೇಡಿ, ನಾನು ಮಾಡಿದ ತಪ್ಪು ಮಾಡಬೇಡಿ. ಶಾಲೆಗೆ ಶಿಕ್ಷಕರು ಕಡಿಮೆಯಿದ್ದರೆ ಅದಕ್ಕಾಗಿ ಬಿಇಒ ಕಚೇರಿ ಮುಂದೆ ಕೂಗಿ. ಅಂಥ ಕೂಗಿಗೆ ಕರಪತ್ರ ನನ್ನದು, ಕಾಸು ಬೇಡ.

ತಂದೆತಾಯಿಗಳು ಮಗುವಿನ ನೋಟ್ಸ್ ಅಂದವಾಗಿದೆ ಎಂದು ಮೋಸ ಹೋಗಬೇಡಿ. ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ. ನಿಮಗೇ ಓದು ಬಾರದಿದ್ದರೂ ಸರಿ, ಕೂತು ಕೇಳಿ. ಕೇಳುವವರಿದ್ದಾರೆ ಅಂದರೆ ಮಗು ಓದುತ್ತದೆ.

ನನ್ನ ಪಾಲಿನದು ಇಷ್ಟು. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದ ರಾಶಿ ಬೀಳುತ್ತದೆ. ಒಂದು ಹಾಳೆ ಎರಡು ಸಲ ಮಡಿಸಿದರೆ ಎಂಟು ಪುಟದ ಪುಸ್ತಕ. ಈ ತಾಲ್ಲೂಕಿನ ಯಾವ ಶಾಲೆಯ ಮಕ್ಕಳೇ ಆಗಲಿ ತಮ್ಮ ಎಮ್ಮೆ, ತಮ್ಮ ಜಾತ್ರೆ, ತಮ್ಮ ಅಜ್ಜಿಯ ಬಗ್ಗೆ ಬರೆದು ಕಳಿಸಲಿ. ಅವರದೇ ಹೆಸರು ಹಾಕಿ ಅಚ್ಚು ಮಾಡಿಕೊಡುತ್ತೇನೆ. ಅದರ ಪ್ರೂಫ್ ನೋಡುವವನು ಯಾರು ಗೊತ್ತೇ? ಅದೇ ಹುಡುಗ. ಅವನೇ ಕೇಳಿ ತೆಗೆದುಕೊಂಡಿದ್ದಾನೆ ಆ ಕೆಲಸ.