ಎದೆಮೂಳೆಯ ಹಿಂದಿನ ಗಡ್ಡೆ



ಬೆಳಿಗ್ಗೆ ಚೆನ್ನಾಗಿಯೇ ಎದ್ದವರಿಗೆ ಸಂಜೆಯ ಹೊತ್ತಿಗೆ ಕಣ್ಣಿನ ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಊಟದ ನಡುವೆಯೇ ದವಡೆ ಸೋಲುತ್ತದೆ. ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯ ರೀತಿ ಇದು. ನರದ ಸೂಚನೆ ಸ್ನಾಯುವಿಗೆ ಮುಟ್ಟದಂತೆ ದೇಹದ ಪ್ರತಿಕಾಯಗಳೇ ಅಡ್ಡ ನಿಲ್ಲುತ್ತವೆ. ರೆಪ್ಪೆಯ ತೊಂದರೆಗೆ ಹೋದರೆ ಡಾಕ್ಟರು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ, ಮನೆಯವರಿಗೆ ಗಾಬರಿ. ಆದರೆ ಇಂಥ ರೋಗಿಗಳಲ್ಲಿ ನೂರಕ್ಕೆ ಸುಮಾರು 10ರಿಂದ 15 ಮಂದಿಗೆ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಬೆಳೆದಿರುತ್ತದೆ. ಥೈಮೋಮಾ ಎಂಬ ಅಪರೂಪದ ಗಡ್ಡೆ ಅದು.

ಥೈಮಸ್ ಬಾಲ್ಯದ ಗ್ರಂಥಿ. ರೋಗನಿರೋಧಕ ಕಣಗಳನ್ನು ಪಳಗಿಸುವುದು ಅದರ ಕೆಲಸ. ಹರೆಯ ಕಳೆದ ಮೇಲೆ ಕುಗ್ಗಿ ಬಹುಪಾಲು ಕೊಬ್ಬಾಗುತ್ತದೆ. 1936ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಆಲ್ಫ್ರೆಡ್ ಬ್ಲಾಲಾಕ್ ಒಬ್ಬ ಯುವತಿಯ ಥೈಮಸ್ ಗಡ್ಡೆ ತೆಗೆದಾಗ ಆಕೆಯ ಸ್ನಾಯುಗಳ ನಿಶ್ಶಕ್ತಿ ಕಡಿಮೆಯಾಯಿತು. ಮುಂದೆ ಮೈ ನೀಲಿಗಟ್ಟುವ ಹಸುಳೆಗಳ ಹೃದಯ ಚಿಕಿತ್ಸೆಯಿಂದ ಬ್ಲಾಲಾಕ್ ಲೋಕಪ್ರಸಿದ್ಧರಾದರು. ಥೈಮಸ್ಸಿನ ಕಥೆ ಆ ಕೀರ್ತಿಯ ಮರೆಗೆ ಸರಿಯಿತು.

ಆಗಿನಿಂದ ದಶಕಗಳ ಕಾಲ ಥೈಮಸ್ ಗಡ್ಡೆ ತೆಗೆಯಲು ಎದೆಮೂಳೆಯನ್ನು ಉದ್ದಕ್ಕೂ ಗರಗಸದಿಂದ ಸೀಳುವುದೇ ಮುಖ್ಯ ದಾರಿಯಾಗಿತ್ತು. 1990ರ ದಶಕದಿಂದ ಪಕ್ಕೆಲುಬುಗಳ ನಡುವೆ ಎರಡು ಮೂರು ತೂತು ಮಾಡಿ, ಕ್ಯಾಮೆರಾ ಇಳಿಸಿ ತೆಗೆಯುವ ವಿಧಾನ ಬಂತು. ಅರಿವಳಿಕೆ ತಜ್ಞರು ಒಂದು ಕಡೆಯ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಿ, ಇನ್ನೊಂದರಲ್ಲೇ ಉಸಿರು ನಡೆಸುತ್ತಾರೆ. ಕೆಲಸಕ್ಕೆ ಜಾಗ ಆಗುವುದು ಹಾಗೆ.

ಆಪರೇಷನ್ನಿನ ನಿಜವಾದ ಪರೀಕ್ಷೆ ಒಳಗಿದೆ. ಗ್ರಂಥಿಯ ಎಡಕ್ಕೂ ಬಲಕ್ಕೂ, ಉಸಿರೆಳೆಯುವ ಸ್ನಾಯುವಾದ ವಪೆಗೆ ಹೋಗುವ ನರ ಹಾದಿದೆ. ಉಸಿರಾಟದ ಸ್ನಾಯುಗಳೇ ಸೋತಿರುವ ರೋಗಿಗೆ ಈ ನರ ಕೆಟ್ಟರೆ ವೆಂಟಿಲೇಟರ್ ಬಿಡಿಸುವುದೇ ಕಷ್ಟ. ಗಡ್ಡೆಯ ಹೊರಪೊರೆ ಒಡೆಯಲೂ ಕೂಡದು. ಒಡೆದರೆ ಕಣಗಳು ಶ್ವಾಸಕೋಶದ ಸುತ್ತಲಿನ ಪೊರೆಯ ಮೇಲೆ ಬಿದ್ದು ವರ್ಷಗಳ ನಂತರ ಚಿಗುರಬಹುದು. ಹೀಗಾಗಿ ಇಕ್ಕಳ ಗಡ್ಡೆಯನ್ನು ಹಿಡಿಯುವುದಿಲ್ಲ. ಸುತ್ತಲಿನ ಕೊಬ್ಬನ್ನು ಹಿಡಿದು, ಗ್ರಂಥಿಯ ಸಮೇತ ಬಿಡಿಸಿ, ಚೀಲಕ್ಕೆ ತುಂಬಿ ಹೊರಗೆಳೆಯುತ್ತಾರೆ.

ಸಣ್ಣ ತೂತಿನಿಂದ ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು, ಸರಿ. ಆದರೆ ಗಾಯದ ಅಳತೆಯಿಂದ ಆಪರೇಷನ್ನನ್ನು ಅಳೆಯುವ ಜಾಹೀರಾತು ನನಗೆ ಹಿಡಿಸುವುದಿಲ್ಲ. ಗಡ್ಡೆ ದೊಡ್ಡದಿದ್ದರೆ, ಮುಖ್ಯ ರಕ್ತನಾಳಕ್ಕೆ ಅಂಟಿದ್ದರೆ, ಎದೆ ತೆರೆಯುವುದೇ ಜಾಣತನ. ನಡುವೆ ತೂತಿನ ವಿಧಾನ ಬಿಟ್ಟು ಎದೆ ತೆರೆದ ಸರ್ಜನ್ ಸೋತರೆಂದಲ್ಲ. ಗಡ್ಡೆಯಿಲ್ಲದ ಮಯಸ್ತೇನಿಯಾದಲ್ಲೂ ಥೈಮಸ್ ತೆಗೆದರೆ ಗುಣವಿದೆ ಎಂದು 2016ರಲ್ಲಿ ತೋರಿಸಿದ 126 ರೋಗಿಗಳ ಅಧ್ಯಯನದಲ್ಲಿ ನಡೆದದ್ದು ಎದೆಮೂಳೆ ಸೀಳಿದ ಆಪರೇಷನ್ನೇ.

ಗಡ್ಡೆ ಹೋದ ಮರುದಿನವೇ ರೆಪ್ಪೆ ನೆಟ್ಟಗಾಗುತ್ತದೆಂದು ಕಾಯಬೇಡಿ. ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು. ಅಷ್ಟರವರೆಗೆ ಮಯಸ್ತೇನಿಯಾದ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಥೈಮೋಮಾ ತಡವಾಗಿ ಮರಳುವ ಸ್ವಭಾವದ್ದು. ಹತ್ತು ವರ್ಷವಾದರೂ ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು.