ಕುತ್ತಿಗೆಯ ಗಾಯ: ಹಾಸಿಗೆಯ ಬಳಿಯ ವಾಕ್ಯ ಮತ್ತು ಕಡತದ ಸಂಕೇತ

ಕುತ್ತಿಗೆಯಲ್ಲಿ ಬೆನ್ನೆಲುಬಿನ ಮಣಿಗಳು, ಅಂದರೆ ಕಶೇರುಗಳು, ಏಳು. ಆ ಭಾಗದ ನರಜೋಡಿಗಳು ಮಾತ್ರ ಎಂಟು. ಅಂಗರಚನೆಯ ಈ ಸಣ್ಣ ವ್ಯತ್ಯಾಸವು ಕುತ್ತಿಗೆಗೆ ಪೆಟ್ಟು ಬಿದ್ದವರ ವೈದ್ಯಕೀಯ ದಾಖಲೆಯಲ್ಲಿ ದೊಡ್ಡ ಗೊಂದಲಕ್ಕೆ ಎಡೆಮಾಡಿಕೊಡುತ್ತದೆ. ಮೊದಲ ಏಳು ನರಗಳು ತಮ್ಮ ಸಂಖ್ಯೆಯ ಕಶೇರುವಿನ ಮೇಲಿನಿಂದ ಹೊರಟರೆ ಎಂಟನೆಯದು ಏಳನೆಯ ಕಶೇರುವಿನ ಕೆಳಗಿನಿಂದ ಹೊರಡುತ್ತದೆ. ಆದ್ದರಿಂದ ಕೇಸ್‌ಶೀಟಿನಲ್ಲಿ ‘ಸಿ 6 ಗಾಯ’ ಎಂದಷ್ಟೇ ಬರೆದಿದ್ದರೆ, ಅದು ಮುರಿದ ಮೂಳೆಯನ್ನು ಹೇಳುತ್ತದೆಯೋ ಅಥವಾ ಸಂವೇದನೆಯೂ ಚಲನೆಯೂ ಸರಿಯಾಗಿ ಉಳಿದಿರುವ ಕೊನೆಯ ನರಮಟ್ಟವನ್ನು ಹೇಳುತ್ತದೆಯೋ ಎಂಬುದು ಓದುವವರಿಗೆ ತಿಳಿಯದು. ದಾಖಲೆಗೆ ಸಂಕೇತ ನೀಡುವ ಕೋಡರ್ ಇಲ್ಲಿ ಊಹಿಸುವಂತಿಲ್ಲ. ವೈದ್ಯರು ಬರೆಯದೆ ಬಿಟ್ಟದ್ದನ್ನು ಸಂಕೇತವು ಹೇಳಲಾರದು.

ಉಡುಪಿ ಜಿಲ್ಲೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ತ್ವವಿದೆ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮಣಿಪಾಲದಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯು ಇಂದು ಒಂದು ಸ್ವತಂತ್ರ ವ್ಯಾಸಂಗ ವಿಷಯವಾಗಿದೆ. ಕಾಪು ಅಥವಾ ಕಾರ್ಕಳದಲ್ಲಿ ಪೆಟ್ಟಾದ ವ್ಯಕ್ತಿಯು ಸಮೀಪದ ಆಸ್ಪತ್ರೆಯಲ್ಲಿ ಮೊದಲ ಆರೈಕೆ ಪಡೆದು, ಅಲ್ಲಿಂದ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೋ ಮಣಿಪಾಲಕ್ಕೋ ಸಾಗಬೇಕಾಗಬಹುದು. ಹೀಗೆ ಒಂದೇ ಗಾಯದ ಕಥೆಯು ಎರಡು ಮೂರು ಕೈಬರಹಗಳಲ್ಲಿ ಹಂಚಿಹೋಗುವುದರಿಂದ, ಮೊದಲ ಆಸ್ಪತ್ರೆಯ ಚೀಟಿಯಲ್ಲಿ ಬಿಟ್ಟುಹೋದ ಮಾತನ್ನು ಮುಂದಿನ ಯಾವ ಸ್ಕ್ಯಾನಿಂಗ್ ಯಂತ್ರವೂ ಮರಳಿ ತರಲಾರದು.

ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಪರಿಷ್ಕರಣೆಯು, ಅಂದರೆ ಐಸಿಡಿ-10, 1990ರಲ್ಲಿ ಅಂಗೀಕೃತವಾಯಿತು; ಹನ್ನೊಂದನೆಯದು 2022ರ ಜನವರಿ 1ರಿಂದ ಜಾರಿಗೆ ಬಂದಿತು. ಹತ್ತನೆಯದರಲ್ಲಿ ಕುತ್ತಿಗೆಯ ಮೂಳೆಮುರಿತಕ್ಕೆ ಎಸ್ 12, ಕೀಲು ತಪ್ಪುವಿಕೆ ಹಾಗೂ ಉಳುಕಿಗೆ ಎಸ್ 13, ನರ ಮತ್ತು ಬೆನ್ನುಹುರಿಯ ಗಾಯಕ್ಕೆ ಎಸ್ 14 ಎಂಬ ವಿಭಾಗಗಳಿವೆ. ತಲೆಬುರುಡೆಯನ್ನು ಹೊರುವ ಮೊದಲನೆಯ ಕಶೇರುವಿನ ಮುರಿತ ಎಸ್ 12.0 ಆದರೆ, ತಲೆ ಹೊರಳುವುದಕ್ಕೆ ಗೂಟದಂತೆ ನಿಂತ ಎರಡನೆಯದರ ಮುರಿತ ಎಸ್ 12.1. ಭಾಗ ಯಾವುದೆಂದು ಬರೆಯದೆ ‘ಕುತ್ತಿಗೆ ಮುರಿತ’ ಎಂದಷ್ಟೇ ಹೇಳಿದರೆ ದಾಖಲೆಯು ಎಸ್ 12.9 ಎಂಬ ಅನಿರ್ದಿಷ್ಟ ಸಂಕೇತದಲ್ಲಿ ಕೊನೆಗೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದುದು ಮೂಳೆ ಮುರಿಯದೆಯೇ ಬೆನ್ನುಹುರಿ ಜಜ್ಜಿಹೋಗುವ ಸಂದರ್ಭ. ವಯಸ್ಸಿನಿಂದ ಕುತ್ತಿಗೆಯ ಮೂಳೆಗಳು ಸವೆದು ಹುರಿಯ ದಾರಿ ಕಿರಿದಾಗಿರುವ ಹಿರಿಯರು ಮುಗ್ಗರಿಸಿ ಬಿದ್ದು ತಲೆ ಹಿಂದಕ್ಕೆ ಬಾಗಿದಾಗ, ಎಕ್ಸ್‌ರೇಯಲ್ಲಿ ಮುರಿತವೇನೂ ಕಾಣದಿದ್ದರೂ ಕಾಲುಗಳಿಗಿಂತ ಕೈಗಳೇ ಹೆಚ್ಚು ಸೋತುಹೋಗಬಹುದು. ಕೈಗಳ ಶಕ್ತಿಯ ಬಗ್ಗೆ ಒಂದು ವಾಕ್ಯವನ್ನೂ ಬರೆಯದೆ ‘ಎಕ್ಸ್‌ರೇ ಸಹಜ’ ಎಂದು ಮುಗಿಸಿದರೆ, ಎಸ್ 14.1ಕ್ಕೆ ಸೇರಬೇಕಾದ ಹುರಿಯ ಗಾಯವು ಕುತ್ತಿಗೆಯ ಉಳುಕಿನ ಎಸ್ 13.4ರಲ್ಲಿ ಅಡಗಿಹೋಗುತ್ತದೆ. ಆ ರೋಗಿಗೆ ಆಗುವ ನಷ್ಟವನ್ನು ಕೇವಲ ಬರವಣಿಗೆಯ ದೋಷವೆಂದು ಕರೆಯುವುದು ನ್ಯಾಯವಲ್ಲ.

ಹುರಿಯ ಗಾಯದ ತೀವ್ರತೆಯನ್ನು ‘ಏಷ್ಯಾ’ ಮಾಪನವೆಂದು ಕರೆಯಲಾಗುವ, ಅಮೆರಿಕದ ಬೆನ್ನುಹುರಿ ಗಾಯ ಸಂಘದ ಎ ಯಿಂದ ಇ ವರೆಗಿನ ದರ್ಜೆಗಳಲ್ಲಿ ಹೇಳುವುದು ರೂಢಿ. ಮೊಣಕೈ ಮಡಚುವುದು ಐದನೆಯ ನರವನ್ನು, ಮಣಿಕಟ್ಟನ್ನು ಮೇಲೆತ್ತುವುದು ಆರನೆಯದನ್ನು, ಮೊಣಕೈ ನೀಡುವುದು ಏಳನೆಯದನ್ನು, ಬೆರಳು ಮಡಚುವುದು ಎಂಟನೆಯದನ್ನು ಪರೀಕ್ಷಿಸುತ್ತದೆ. ಹುರಿಯ ಕಟ್ಟಕಡೆಯ ಖಂಡಗಳಿಗೆ ಸೇರಿದ ಗುದಭಾಗದಲ್ಲಿ ಸಂವೇದನೆಯಾಗಲಿ ಬೇಕೆಂದಾಗ ಸ್ನಾಯುವನ್ನು ಬಿಗಿಹಿಡಿಯುವ ಶಕ್ತಿಯಾಗಲಿ ಸ್ವಲ್ಪವೂ ಉಳಿಯದಿದ್ದರೆ ಗಾಯ ಎ ದರ್ಜೆಯದು, ಎಂದರೆ ಸಂಪೂರ್ಣ. ಸಂವೇದನೆ ಮಾತ್ರ ಉಳಿದಿದ್ದರೆ ಬಿ. ಸಂಕೋಚದಿಂದಲೋ ಅವಸರದಿಂದಲೋ ಕೈಬಿಡಬಹುದಾದ ಈ ಪರೀಕ್ಷೆಯ ಮೇಲೆ ಚೇತರಿಕೆಯ ನಿರೀಕ್ಷೆಯೇ ನಿಂತಿದೆ. ಪರೀಕ್ಷಿಸಿದ ಗಂಟೆಯನ್ನೂ ನಮೂದಿಸದಿದ್ದರೆ, ಮಣಿಪಾಲ ತಲಪಿದಾಗ ಕೈ ಸೋತಿದ್ದುದು ಮೊದಲಿನಿಂದಲೋ ದಾರಿಯಲ್ಲಿ ಹದಗೆಟ್ಟದ್ದೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಗಾಯ ಹೇಗಾಯಿತು ಎಂಬುದಕ್ಕೂ ಪ್ರತ್ಯೇಕ ಸಂಕೇತವಿದೆ. ಮರದಿಂದ ಬೀಳುವುದಕ್ಕೆ ಡಬ್ಲ್ಯೂ 14. ಅದು ತೋಟದಲ್ಲಿ ನಡೆದಿದ್ದರೆ ಡಬ್ಲ್ಯೂ 14.7. ತೆಂಗಿನಕಾಯಿ ಕೀಳುವವರು, ಅಡಿಕೆಯ ಕೊನೆ ಕೊಯ್ಯುವವರು, ಮಳೆಗಾಲದ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುವವರು, ಶೇಂದಿ ಇಳಿಸುವ ಮೂರ್ತೆದಾರರು ಇರುವ ಈ ಜಿಲ್ಲೆಗೆ ಇದಕ್ಕಿಂತ ಹತ್ತಿರದ ಸಂಕೇತ ಇನ್ನೊಂದಿಲ್ಲ. ‘ಎತ್ತರದಿಂದ ಬಿದ್ದದ್ದು’ ಎಂಬ ಬರಹವು ಅಡಿಕೆ ಮರವನ್ನೂ ಮನೆಯ ಮಾಡನ್ನೂ ಕಟ್ಟಡದ ಸಾರುವೆಯನ್ನೂ ಒಂದೇ ಮಾಡಿಬಿಡುತ್ತದೆ. ಆಗ ಮರವೇರುವವರಿಗೆ ಸುರಕ್ಷತಾ ಪಟ್ಟಿ ಒದಗಿಸಬೇಕೆಂದು ವಾದಿಸುವವರ ಕೈಯಲ್ಲಿ ಲೆಕ್ಕವೇ ಇರುವುದಿಲ್ಲ. ಕಾಪುವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕ್ ಲಾರಿಗೆ ಡಿಕ್ಕಿಯಾದಾಗ, ಪೆಟ್ಟಾದವರು ಸವಾರರಾದರೆ ವಿ 24.4, ಹಿಂಬದಿ ಸವಾರರಾದರೆ ವಿ 24.5.

ಈ ವಿವರಗಳು ನ್ಯಾಯಾಲಯಕ್ಕೂ ಬೇಕು. ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮಿನಂತೆ ಮೂಳೆಮುರಿತವೂ ಕೀಲು ತಪ್ಪುವಿಕೆಯೂ ಘೋರ ಗಾಯಗಳು. ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಎಂಬ ಅಪಘಾತ ಪರಿಹಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಹದ ಅಂಗವೈಕಲ್ಯದ ಶೇಕಡಾವಾರು ಪ್ರಮಾಣ ಬೇರೆ, ದುಡಿಮೆಯ ಶಕ್ತಿಯ ನಷ್ಟ ಬೇರೆ ಎಂದು ಸ್ಪಷ್ಟಪಡಿಸಿದೆ. ಬೆರಳ ಹಿಡಿತ ಕಳೆದುಕೊಂಡ ಮರ ಹತ್ತುವವನ ನಷ್ಟವು ನ್ಯಾಯಮಂಡಳಿಗೆ ಅರ್ಥವಾಗಬೇಕಾದರೆ, ಆ ಹಿಡಿತದ ಮಾತು ಡಿಸ್ಚಾರ್ಜ್ ಸಾರಾಂಶದಲ್ಲಿ ಇರಲೇಬೇಕು.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯು ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಯ್ದಿಡಬೇಕೆಂದೂ ರೋಗಿಯೋ ಅವರ ಅಧಿಕೃತ ಪ್ರತಿನಿಧಿಯೋ ಕೇಳಿದರೆ 72 ಗಂಟೆಗಳೊಳಗೆ ನೀಡಬೇಕೆಂದೂ ಹೇಳುತ್ತದೆ. ಹುರಿಯ ಗಾಯವಾದರೋ ಜೀವನಪರ್ಯಂತದ್ದು. ಹಲವು ವರ್ಷಗಳ ಬಳಿಕ ಹಾಸಿಗೆಹುಣ್ಣಿನಿಂದ ಕಾರ್ಕಳದ ಆಸ್ಪತ್ರೆ ಸೇರಿದ ವ್ಯಕ್ತಿಯ ಕಡತದಲ್ಲಿ, ಹಿಂದಿನ ಹುರಿಗಾಯದ ಉಳಿಕೆ ಪರಿಣಾಮವೆಂದು ಸೂಚಿಸುವ ಟಿ 91.3 ಸೇರಬೇಕಾದರೆ ಹಳೆಯ ಸಾರಾಂಶವು ಕಣ್ಣಿಗೆ ಬೀಳಬೇಕು. ಆದ್ದರಿಂದ ಬಿಡುಗಡೆಯ ದಿನ ಮೊದಲ ಚೀಟಿಯ ಪ್ರತಿಯನ್ನೂ ನರಪರೀಕ್ಷೆಯ ಹಾಳೆಯನ್ನೂ ಸಾರಾಂಶದೊಂದಿಗೆ ಮನೆಯವರ ಕೈಗೆ ಕೊಟ್ಟು, ಅವನ್ನು ಏಕೆ ಜೋಪಾನವಾಗಿ ಇಡಬೇಕೆಂಬುದನ್ನು ಕನ್ನಡದಲ್ಲೋ ತುಳುವಿನಲ್ಲೋ ತಿಳಿಸಿಹೇಳುವುದು ಚಿಕಿತ್ಸೆಯ ಭಾಗವೇ ಆಗಬೇಕಿದೆ.